ಉಪಾಹಾರ, ಉಪಹಾರ: ಒಂದು ಇಳಿಯ ಅಂತರ

ಹೋಟೆಲಿನ ಫಲಕ, ಗೃಹಪ್ರವೇಶದ ಕರೆಯೋಲೆ, ಸಂಘದ ಸರ್ವಸದಸ್ಯರ ಸಭೆಯ ಸೂಚನೆ, ಶಾಲೆಯ ಸುತ್ತೋಲೆ: ಯಾವುದನ್ನೇ ನೋಡಿ, ತಿಂಡಿಯ ಮಾತು ಬಂದ ಕಡೆ ‘ಉಪಹಾರ’ ಎಂಬ ಬರಹ ಎದುರಾಗುವುದು ತೀರಾ ಸಾಮಾನ್ಯ. ಬರೆದವರ ಮನಸ್ಸಿನಲ್ಲಿರುವುದು ಇಡ್ಲಿ, ವಡೆ, ಕೇಸರಿಬಾತು. ಆದರೆ ಅವರ ಕೈಯಿಂದ ಮೂಡಿದ ಪದದ ಅರ್ಥ ಕಾಣಿಕೆ, ನಿವೇದನೆ, ಒಪ್ಪಿಸಿದ ವಸ್ತು. ತಿಂಡಿಗೆ ಸಲ್ಲುವ ಪದ ‘ಉಪಾಹಾರ’. ಪಕಾರಕ್ಕೊಂದು ಇಳಿ ಬಂದರೆ ಮಾತ್ರ ಅದು ತಟ್ಟೆಗೆ ಬರುವಂಥದ್ದಾಗುತ್ತದೆ.

ನೆನಪಿಟ್ಟುಕೊಳ್ಳಲು ಇಷ್ಟು ಸಾಕು: ಇಳಿ ಎರಡಿದ್ದರೆ ತಿನ್ನುವುದು, ಒಂದೇ ಇದ್ದರೆ ಕೊಡುವುದು. ಛಂದಸ್ಸು ಓದಿದವರು ಮಾತ್ರೆ ಎಣಿಸಿಯೂ ನೋಡಬಹುದು. ಉಪಹಾರದಲ್ಲಿ ಲಘು, ಲಘು, ಗುರು, ಲಘು. ಒಟ್ಟು 5 ಮಾತ್ರೆ. ಉಪಾಹಾರದಲ್ಲಿ ಲಘು, ಗುರು, ಗುರು, ಲಘು, ಒಟ್ಟು 6. ಗಟ್ಟಿಯಾಗಿ ಹೇಳಿ ನೋಡಿದರೆ ಎರಡನೆಯದರಲ್ಲಿ ‘ಪಾ’ ಮೇಲೆ ನಾಲಗೆ ಒಂದು ಕ್ಷಣ ನಿಲ್ಲುವುದು ತಿಳಿಯುತ್ತದೆ. ಆ ನಿಲುಗಡೆಯಲ್ಲೇ ‘ಆಹಾರ’ದ ಮೊದಲ ಅಕ್ಷರ ಅಡಗಿದೆ.

ಬಿಡಿಸಿ ನೋಡೋಣ. ಉಪ + ಆಹಾರ. ಅಕಾರದ ಮುಂದೆ ಆಕಾರ ಬಂದರೆ ಎರಡೂ ಸೇರಿ ಒಂದು ಆಕಾರವಾಗುತ್ತದೆ. ಶಾಲೆಯಲ್ಲಿ ಕಲಿತ ಸವರ್ಣದೀರ್ಘ ಸಂಧಿ. ದೇವ + ಆಲಯ ದೇವಾಲಯವಾದ ಹಾಗೆಯೇ ಇದು. ಸಂಸ್ಕೃತದ ಸಂಧಿ ಬೇಡ, ಕನ್ನಡದ್ದೇ ಸಾಕು ಎನ್ನುವವರಿಗೂ ಉತ್ತರ ಬೇರೆಯಾಗುವುದಿಲ್ಲ. ಲೋಪಸಂಧಿಯಲ್ಲಿ ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗಿ ಎರಡನೆಯ ಪದದ ಸ್ವರ ಉಳಿಯುತ್ತದೆ. ‘ಊರ ಒಳಗೆ’ ಎಂಬುದು ‘ಊರೊಳಗೆ’ ಆಗುವುದು ಹೀಗೆ. ‘ಉಪ’ದ ಕೊನೆಯ ಅಕಾರ ಬಿದ್ದರೂ ‘ಆಹಾರ’ದ ಆಕಾರ ಹಾಗೇ ಉಳಿದು ‘ಉಪಾಹಾರ’ವೇ ಬರುತ್ತದೆ. ಯಾವ ನಿಯಮ ಹಿಡಿದು ಹೋದರೂ ಉಪ + ಆಹಾರದಿಂದ ‘ಉಪಹಾರ’ ಹುಟ್ಟುವುದಿಲ್ಲ. ಅದು ಹುಟ್ಟುವುದು ಉಪ + ಹಾರದಿಂದ.

ಇಲ್ಲಿನ ‘ಉಪ’ಕ್ಕೆ ಏನರ್ಥ? ಈ ಪುಟ್ಟ ಪದ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಒಂದು, ‘ಬಳಿ’. ಉಪನಯನವೆಂದರೆ ಗುರುವಿನ ಬಳಿಗೆ ಕರೆದೊಯ್ಯುವುದು. ಉಪನಿಷತ್ತಿನಲ್ಲಿರುವುದು ಬಳಿ ಕೂರುವ ಅರ್ಥ. ಇನ್ನೊಂದು, ‘ಮುಖ್ಯವಾದುದರ ಪಕ್ಕದ ಚಿಕ್ಕದು’. ಉಪನದಿ, ಉಪಗ್ರಹ, ಉಪಕಥೆ, ಉಪವಿಭಾಗ, ಉಪಾಧ್ಯಕ್ಷ ಇವೆಲ್ಲ ಈ ಸಾಲಿನವು. ಉಪಾಹಾರವೂ ಇಲ್ಲಿಯೇ ಸೇರುತ್ತದೆ: ದೊಡ್ಡ ಊಟದ ಪಕ್ಕದ ಚಿಕ್ಕ ಆಹಾರ. ಉಪಹಾರದಲ್ಲಿರುವುದು ಮೊದಲನೆಯ ‘ಉಪ’: ಒಬ್ಬರ ಬಳಿಗೆ ತಂದದ್ದು. ಹಾಗಾಗಿ ಎರಡೂ ಪದಗಳು ‘ಉಪ’ ಎಂದೇ ಶುರುವಾದರೂ ಆ ‘ಉಪ’ಗಳ ಕೆಲಸವೇ ಬೇರೆ ಬೇರೆ.

ಎರಡರ ಬುಡವೂ ‘ಹೃ’ ಧಾತು. ಒಯ್ಯು, ತರು, ಕಸಿದುಕೊ ಎಂಬ ಅರ್ಥಗಳು ಅದಕ್ಕಿವೆ. ಅದರಿಂದ ನಾಮಪದ ಮಾಡಿದಾಗ ಋಕಾರಕ್ಕೆ ವೃದ್ಧಿ ಬಂದು ‘ಹಾರ’ ಆಗುತ್ತದೆ. ಮುಂದೆ ಉಪಸರ್ಗ ಬದಲಾದ ಹಾಗೆಲ್ಲ ಅರ್ಥ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಉಪಸರ್ಗ ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂಬ ಮಾತಿಗೆ ಸಂಸ್ಕೃತ ವ್ಯಾಕರಣ ಕಲಿಸುವವರು ಹಿಂದಿನಿಂದಲೂ ಕೊಡುವ ಐದು ಉದಾಹರಣೆಗಳೂ ಈ ಧಾತುವಿನವೇ: ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ. ಒಂದೇ ಬುಡದಿಂದ ಏಟು, ಅನ್ನ, ಕೊಲೆ, ತಿರುಗಾಟ, ನಿವಾರಣೆ! ಇವುಗಳ ಸಾಲಿಗೆ ವ್ಯವಹಾರ (ವಿ + ಅವ + ಹೃ), ಉದಾಹರಣೆ (ಉದ್ + ಆ + ಹೃ), ಉಪಸಂಹಾರ (ಉಪ + ಸಂ + ಹೃ) ಕೂಡ ಸೇರುತ್ತವೆ. ‘ಆ’ ಎಂಬ ಉಪಸರ್ಗಕ್ಕೆ ‘ತನ್ನ ಕಡೆಗೆ’ ಎಂಬ ದಿಕ್ಕಿದೆ. ಒಳಗೆ ತೆಗೆದುಕೊಂಡದ್ದು, ಆಹಾರ. ಉಪಾಹಾರದಲ್ಲಿ ಈ ‘ಆ’ ಇದೆ, ಉಪಹಾರದಲ್ಲಿಲ್ಲ. ಬಾಯಿಗೆ ಹೋಗುವುದಕ್ಕೂ ಕೈಯಿಂದ ಕೊಡುವುದಕ್ಕೂ ಇರುವ ಭೇದವೆಲ್ಲ ಆ ಒಂದು ಸ್ವರದಲ್ಲಿದೆ.

ಇಲ್ಲೊಂದು ಸೂಕ್ಷ್ಮವನ್ನು ಬಿಟ್ಟು ಮುಂದೆ ಹೋಗಬಾರದು. ‘ಆಹಾರ’ ಎಂಬ ಧ್ವನಿ ಇದ್ದ ಕಡೆಯೆಲ್ಲ ಅನ್ನವೇ ಇರಬೇಕೆಂದಿಲ್ಲ. ಪ್ರತ್ಯಾಹಾರ ಇಂದ್ರಿಯಗಳನ್ನು ಹಿಂದಕ್ಕೆ ಸೆಳೆಯುವುದು, ಸಮಾಹಾರ ಒಟ್ಟುಗೂಡಿಸುವುದು, ಅಧ್ಯಾಹಾರ ವಾಕ್ಯದಲ್ಲಿ ಬಿಟ್ಟುಹೋದ ಪದವನ್ನು ಹೊರಗಿನಿಂದ ತಂದುಕೊಳ್ಳುವುದು. ಇವುಗಳಲ್ಲಿ ಉಪಸರ್ಗಗಳು ನೇರವಾಗಿ ಧಾತುವಿಗೇ ಅಂಟಿವೆ. ಸಂಸ್ಕೃತದಲ್ಲಿ ಉಪ + ಆ + ಹೃ ಎಂದು ಕ್ರಿಯಾಪದ ಮಾಡಿದರೆ ಅದಕ್ಕೂ ‘ಬಳಿಗೆ ತರು, ಒಪ್ಪಿಸು’ ಎಂಬ ಅರ್ಥವೇ ಬರುತ್ತದೆ. ಆದರೆ ಕನ್ನಡದ ‘ಉಪಾಹಾರ’ ಆ ದಾರಿಯಲ್ಲಿ ಬಂದದ್ದಲ್ಲ. ಅನ್ನವೆಂಬ ಅರ್ಥ ಗಟ್ಟಿಯಾಗಿ ನೆಲೆನಿಂತ ‘ಆಹಾರ’ ಎಂಬ ಸಿದ್ಧ ನಾಮಪದದ ಮುಂದೆ ‘ಚಿಕ್ಕ’ ಎಂಬರ್ಥದ ‘ಉಪ’ ಸೇರಿ ಆದ ಸಮಾಸ ಅದು. ಉಪಾಧ್ಯಕ್ಷ ಆದದ್ದು ಹೇಗೋ ಹಾಗೆ.

ಇನ್ನು ಉಪಹಾರ. ತಿಂಡಿಯ ಫಲಕದ ಮೇಲೆ ಮತ್ತೆ ಮತ್ತೆ ತಪ್ಪಾಗಿ ಕಂಡು ಅದನ್ನೊಂದು ಕೆಟ್ಟ ಪದವೆಂದೇ ಎಣಿಸುವವರಿದ್ದಾರೆ. ಅದು ಅನ್ಯಾಯ. ಬಹಳ ಹಳೆಯ, ಘನವಾದ ಪದ ಅದು. ಭಗವದ್ಗೀತೆಯ 9ನೆಯ ಅಧ್ಯಾಯದ 26ನೆಯ ಶ್ಲೋಕ ಬಹುಪಾಲು ಮನೆಗಳಲ್ಲಿ ಬಾಯಿಪಾಠ: ‘ಪತ್ರಂ ಪುಷ್ಪಂ ಫಲಂ ತೋಯಂ’. ಅದರ ಉತ್ತರಾರ್ಧದಲ್ಲಿ ‘ತದಹಂ ಭಕ್ತ್ಯುಪಹೃತಮ್ ಅಶ್ನಾಮಿ’ ಎಂದು ಬರುತ್ತದೆ. ಉಪಹೃತ ಎಂದರೆ ತಂದೊಪ್ಪಿಸಿದ್ದು. ಅಶ್ನಾಮಿ ಎಂದರೆ ತಿನ್ನುತ್ತೇನೆ. ಕೊಡುವ ಕೆಲಸಕ್ಕೆ ಒಂದು ಪದ, ತಿನ್ನುವ ಕೆಲಸಕ್ಕೆ ಇನ್ನೊಂದು, ಅದೂ ಅಕ್ಕಪಕ್ಕದಲ್ಲೇ. ಉಪಹಾರದ ಅರ್ಥ ತಿಳಿಯಲು ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇನ್ನೂ ಸ್ವಾರಸ್ಯದ್ದು ಪಾಶುಪತ ಶೈವರ ಬಳಕೆ. ಪಾಶುಪತಸೂತ್ರಗಳಲ್ಲಿ ಸಾಧಕ ಶಿವನಿಗೆ ಆರು ಬಗೆಯ ಉಪಹಾರ ಸಲ್ಲಿಸಬೇಕೆಂಬ ವಿಧಿಯಿದೆ: ನಗು, ಹಾಡು, ಕುಣಿತ, ಗೂಳಿಯ ಗುಟುರನ್ನು ಹೋಲುವ ಒಂದು ನಾದ, ನಮಸ್ಕಾರ, ಜಪ. ನಾಲಗೆ ಮತ್ತು ಅಂಗುಳನ್ನು ಕೂಡಿಸಿ ಆ ನಾದವನ್ನು ಹೊರಡಿಸುವುದು ಹೇಗೆಂಬ ವಿವರಣೆಯೂ ಸಿಗುತ್ತದೆ. ಈ ಆರರಲ್ಲಿ ತಿನ್ನುವ ವಸ್ತು ಒಂದೂ ಇಲ್ಲ. ಅನ್ನದ ಅಗುಳೂ ಇಲ್ಲದೆ ಷಡಂಗ ಉಪಹಾರ ಪೂರ್ತಿಯಾಗುತ್ತದೆ.

ಈ ಪರಂಪರೆಯ ಸೋದರ ಶಾಖೆಯಾದ ಕಾಳಾಮುಖರ ದೊಡ್ಡ ಕೇಂದ್ರ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿತ್ತು. ಅಲ್ಲಿನ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ಪಾಠದ ಮಾತೂ ಇದೆ, ದೀನರಿಗೆ, ಕುಂಟರಿಗೆ, ಕುರುಡರಿಗೆ ನಡೆಯುತ್ತಿದ್ದ ಅನ್ನದಾನದ ಮಾತೂ ಇದೆ. ಉಪಹಾರ ಸಲ್ಲುವ ದೇವರು, ಆಹಾರ ಸಿಗುವ ಹಸಿದವರು, ಎರಡರ ಭೇದ ಬಲ್ಲ ವೈಯಾಕರಣರು, ಎಲ್ಲರೂ ಒಂದೇ ಅಂಗಳದಲ್ಲಿದ್ದರು.

ದಿನಬಳಕೆಯ ಕನ್ನಡದಲ್ಲಿ ಕೊಡುಗೆಯ ಅರ್ಥದ ಉಪಹಾರ ಬೇರೂರಲಿಲ್ಲ. ಕಾಣಿಕೆ, ಉಡುಗೊರೆ, ಕೊಡುಗೆ, ಮುಯ್ಯಿ ಎಂದು ನಮ್ಮಲ್ಲಿ ಬೇಕಾದಷ್ಟು ಪದಗಳಿವೆ. ಕಾಣಿಕೆಯಂತೂ ‘ಕಾಣ್’ ಎಂಬುದರಿಂದ ಬಂದದ್ದು, ದೊಡ್ಡವರನ್ನು ಕಾಣಲು ಹೋದಾಗ ಬರಿಗೈಯಲ್ಲಿ ಹೋಗದೆ ಒಪ್ಪಿಸುವುದು. ಹಿಂದಿ, ಬಂಗಾಳಿಗಳಲ್ಲಿ ಮಾತ್ರ ಇವತ್ತಿಗೂ ಉಡುಗೊರೆಗೆ ಇದೇ ಪದ. ‘ಉಪಹಾರ ಗೃಹ’ ಎಂಬ ಫಲಕವನ್ನು ನಾಗರಿ ಲಿಪಿಯಲ್ಲಿ ಬರೆಸಿದರೆ ಹಿಂದಿಯವರು ಅದನ್ನು ಉಡುಗೊರೆ ಅಂಗಡಿ ಎಂದೇ ಓದುತ್ತಾರೆ. ತಿಂಡಿಯ ಜಾಗಕ್ಕೆ ಅವರು ಜಲಪಾನ ಗೃಹ ಎನ್ನುತ್ತಾರೆ. ಮರಾಠಿಯಲ್ಲಿ ಎರಡೂ ಪದಗಳಿವೆ, ಅಲ್ಲಿಯೂ ಫಲಕ ಬರೆಯುವವರು ಇದೇ ಇಳಿಯನ್ನು ಬಿಡುತ್ತಾರೆ.

ತಪ್ಪು ಆಗುವುದೇಕೆ ಎಂಬುದಕ್ಕೆ ಬರಿಯ ಅಸಡ್ಡೆ ಎಂಬ ಉತ್ತರ ಸಾಲದು. ‘ಉಪಾಧ್ಯಕ್ಷ’ ಎಂಬುದನ್ನು ಯಾರೂ ‘ಉಪಧ್ಯಕ್ಷ’ ಎಂದು ಬರೆಯುವುದಿಲ್ಲ. ಸಂಧಿ ಅದೇ, ಬರೆಯುವ ಕೈಯೂ ಅದೇ. ಹಾಗಿದ್ದೂ ಅಲ್ಲಿ ತಪ್ಪದ್ದು ಇಲ್ಲಿ ತಪ್ಪುತ್ತದೆ. ಕಾರಣ, ‘ಧ್ಯಕ್ಷ’ ಎಂಬ ಪದವೇ ಇಲ್ಲ, ‘ಹಾರ’ ಎಂಬ ಪದವಿದೆ. ಹೂವಿನ ಹಾರ ನಿತ್ಯ ಕಾಣುವಂಥದ್ದು. ಉಪ, ಹಾರ ಎರಡೂ ಪರಿಚಿತವಾಗಿರುವುದರಿಂದ ಕಣ್ಣಿಗೆ ಏನೂ ಕೊರತೆ ಕಾಣುವುದಿಲ್ಲ.

ಎರಡನೆಯ ಕಾರಣ ನಾಲಗೆಯದು. ಅಚ್ಚಗನ್ನಡ ಪದಗಳಲ್ಲಿ ದೀರ್ಘಸ್ವರ ಸಾಮಾನ್ಯವಾಗಿ ಬರುವುದು ಮೊದಲ ಅಕ್ಷರದಲ್ಲಿ: ಮಾತು, ಬೇರು, ಊಟ, ಕೋಳಿ. ಮೊದಲಕ್ಷರ ಹ್ರಸ್ವವಾಗಿ ಎರಡು, ಮೂರನೆಯವು ಸಾಲಾಗಿ ದೀರ್ಘವಾದ ‘ಉಪಾಹಾರ’ದಂಥ ಪದ ನಮ್ಮ ಉಚ್ಚಾರಣೆಯ ಜಾಡಿಗೆ ಹೊರಗಿನದು. ಅವಸರದ ಮಾತಿನಲ್ಲಿ ಎರಡರಲ್ಲೊಂದು ದೀರ್ಘ ಸವೆಯುತ್ತದೆ. ಇದು ನಮ್ಮದೊಂದೇ ಕಥೆಯಲ್ಲ. ಫಲ + ಆಹಾರ, ಅಂದರೆ ಫಲಾಹಾರ, ತೆಲುಗರ ಬಾಯಲ್ಲಿ ‘ಫಲಹಾರಂ’ ಎಂದು ಗಿಡ್ಡಾಗಿ ತಿಂಡಿಯ ಹೆಸರಾಗಿ ನಿಂತಿದೆ. ಮರಾಠಿಯಲ್ಲಿ ಅದು ‘ಫರಾಳ’. ನಮ್ಮ ಜಾತ್ರೆಗಳಿಂದ ಮನೆಗೆ ತರುವ ಪಳಾರವೂ ಇದೇ ಪದ. ಬೆಂಡು, ಬತ್ತಾಸು, ಮಂಡಕ್ಕಿಯ ಆ ಪೊಟ್ಟಣದಲ್ಲಿ ಹಣ್ಣಿನ ಚೂರೂ ಇರುವುದಿಲ್ಲವಾದರೂ ಹೆಸರಿನಲ್ಲಿ ಫಲ ಉಳಿದಿದೆ.

ಹಾಗಾದರೆ ತೆಲುಗಿನ ಫಲಹಾರದಂತೆ ನಮ್ಮ ಉಪಹಾರವನ್ನೂ ರೂಢಿ ಎಂದು ಒಪ್ಪಬಾರದೇಕೆ? ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ಉತ್ತರ ಕೊಡಲೇಬೇಕು. ಪಳಾರ, ಫರಾಳಗಳು ಸವೆದು ಬೇರೆಯದೇ ರೂಪ ತಳೆದವು. ಇನ್ನೊಂದು ಪದದ ಜಾಗಕ್ಕೆ ಹೋಗಿ ಕೂರಲಿಲ್ಲ. ಜನರ ಬಾಯಲ್ಲಿ ಹಾಗೆ ಸವೆದ ಪದಕ್ಕೆ ಎಲ್ಲ ಗೌರವವೂ ಸಲ್ಲಬೇಕು. ಆದರೆ ಉಪಹಾರದ ಮನೆಯಲ್ಲಿ ಆಗಲೇ ಒಬ್ಬರು ವಾಸವಿದ್ದಾರೆ. ಪೂಜೆಯ ವಿಧಿ, ಶೈವ ಗ್ರಂಥ, ಗೀತೆಯ ವ್ಯಾಖ್ಯಾನ ಓದುವಾಗ ಕನ್ನಡಿಗರಿಗೆ ಆ ಪದ ಇಂದಿಗೂ ಬೇಕು. ‘ದೇವರಿಗೆ ಉಪಹಾರ ಸಲ್ಲಿಸಿ’ ಎಂದು ಬರೆದದ್ದನ್ನು ‘ತಿಂಡಿ ಕೊಟ್ಟು’ ಎಂದು ಓದಿಕೊಳ್ಳುವ ಸ್ಥಿತಿ ಬಂದರೆ ನಷ್ಟವಾಗುವುದು ಅರ್ಥಕ್ಕೆ. ಮಾತಿನಲ್ಲಿ ಇಳಿ ಸವೆದರೆ ತಪ್ಪೇನಿಲ್ಲ. ಬರಹದಲ್ಲಿ ಉಳಿಸಿಕೊಳ್ಳಬೇಕು.

ಇದೇ ಇಳಿ ಬಿಟ್ಟು ಇನ್ನೂ ಎಡವಟ್ಟಾಗುವ ಜೋಡಿಯೊಂದಿದೆ. ಸಸ್ಯಾಹಾರಿ, ಮಾಂಸಾಹಾರಿ ಎಂದಿರಬೇಕಾದ ಕಡೆ ‘ಸಸ್ಯಹಾರಿ’, ‘ಮಾಂಸಹಾರಿ’ ಎಂದು ಬರೆಯುವುದು. ‘ಹಾರಿ’ ಎಂದರೆ ಸೆಳೆಯುವ, ಅಪಹರಿಸುವ ಎಂದರ್ಥ. ಮನೋಹಾರಿ ಮನಸ್ಸನ್ನು ಸೆಳೆಯುವಂಥದ್ದು. ಅದೇ ಲೆಕ್ಕದಲ್ಲಿ ಮಾಂಸಹಾರಿ ಎಂದರೆ ಮಾಂಸವನ್ನು ಹೊತ್ತೊಯ್ಯುವವನು. ಹದ್ದಿಗೆ ಒಪ್ಪುವ ಮಾತು, ಹೋಟೆಲಿನ ಗಿರಾಕಿಗೆ ಅಲ್ಲ. ನಿರಾಹಾರ, ಮಿತಾಹಾರ, ಅಲ್ಪಾಹಾರ, ಶಾಕಾಹಾರ ಎಲ್ಲದರಲ್ಲೂ ಆ ದೀರ್ಘ ಇರಲೇಬೇಕು. ಅನುಮಾನ ಬಂದಾಗ ಮಾಡಬೇಕಾದ ಪರೀಕ್ಷೆ ಸುಲಭ: ಮೊದಲ ಪದವನ್ನು ತೆಗೆದುಬಿಡಿ, ಉಳಿದದ್ದು ‘ಆಹಾರ’ ಆಗಿರಬೇಕೋ ‘ಹಾರ’ ಆಗಿರಬೇಕೋ ಎಂದು ನೋಡಿ. ‘ಪುಷ್ಪಹಾರ’ದಲ್ಲಿ ಉಳಿಯಬೇಕಾದದ್ದು ಹಾರ, ಅಲ್ಲಿ ಇಳಿ ಸೇರಿಸಿದರೆ ಅದೇ ತಪ್ಪು.

ಸಮಾಸ ಉದ್ದವಾದಾಗ ತೊಡಕು ಹೆಚ್ಚುತ್ತದೆ. ಆಹ್ವಾನ ಪತ್ರಗಳಲ್ಲಿ ‘ಲಘು ಉಪಾಹಾರ’ ಎಂದು ಬಿಡಿಸಿ ಬರೆಯುವುದು ಸರಿ. ಕೂಡಿಸಿದರೆ ಲಘು + ಉಪಾಹಾರ, ಉಕಾರಕ್ಕೆ ಉಕಾರ ಸೇರಿ ‘ಲಘೂಪಾಹಾರ’. ಅಲ್ಪ + ಉಪಾಹಾರ ಗುಣಸಂಧಿಯಿಂದ ‘ಅಲ್ಪೋಪಾಹಾರ’. ‘ಅಲ್ಪೋಪಹಾರ’ ಎಂದರೆ ಚಿಕ್ಕ ಉಡುಗೊರೆಯಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಈ ಎರಡೂ ಬೇಡ. ಉಪಾಹಾರದಲ್ಲೇ ಚಿಕ್ಕತನವಿದೆ, ಅದಕ್ಕೆ ಮತ್ತೆ ಲಘು, ಅಲ್ಪ ಸೇರಿಸಿದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ. ‘ಅಲ್ಪಾಹಾರ’ ಅಥವಾ ‘ಉಪಾಹಾರ’ ಒಂದೇ ಸಾಕು. ಅದಕ್ಕಿಂತ ‘ಕಾಫಿ, ತಿಂಡಿ ಇದೆ’ ಎಂಬ ಮಾತು ಇನ್ನೂ ಚೆಂದ. ತಿಂಡಿ ನಮ್ಮದೇ ‘ತಿನ್’ ಧಾತುವಿನ ಕೂಸು, ಸಂಧಿಯ ಗೊಡವೆಯೇ ಇಲ್ಲ. ಧಾರವಾಡ, ಕಲಬುರಗಿ ಕಡೆಯ ‘ನಾಷ್ಟಾ’ ಪಾರಸಿಯಿಂದ ಉರ್ದುವಿನ ಮೂಲಕ ಬಂದದ್ದು. ಮೂಲದಲ್ಲಿ ಅದಕ್ಕೆ ಬೆಳಗ್ಗೆಯಿಂದ ಏನೂ ತಿನ್ನದ ಸ್ಥಿತಿ ಎಂಬ ಅರ್ಥವಿತ್ತು, ಆ ಹಸಿವನ್ನು ಮುರಿಯುವ ತಿಂಡಿಗೇ ಕೊನೆಗೆ ಹೆಸರಾಯಿತು.

ಸರ್ಕಾರಿ ಕಾಗದಗಳ ‘ಮಧ್ಯಾಹ್ನ ಉಪಾಹಾರ ಯೋಜನೆ’ಯ ಬಗ್ಗೆಯೂ ಒಂದು ಮಾತು. ಇಲ್ಲಿಯೂ ಎರಡು ಬಗೆಯ ಬರಹ ಕಾಣಸಿಗುತ್ತದೆ. ಇಳಿ ಸರಿಯಾಗಿದ್ದರೂ ಪದ ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಮಕ್ಕಳಿಗೆ ಬಡಿಸುವುದು ಅನ್ನ, ಸಾಂಬಾರು. ಅದು ಊಟ, ಊಟದ ಪಕ್ಕದ್ದಲ್ಲ. ಊರೂರಲ್ಲಿ ನಿಂತ ‘ಬಿಸಿಯೂಟ’ವೇ ಅದಕ್ಕೆ ಸರಿಯಾದ ಹೆಸರು.

ಅಂದಹಾಗೆ, ‘ಉಪ್ಪಿಟ್ಟು’ ಈ ‘ಉಪ’ದ ಬಂಧುವಲ್ಲ. ಅದು ಉಪ್ಪು + ಹಿಟ್ಟು. ‘ಉಪವಾಸ’ ಮಾತ್ರ ಬಂಧುವೇ. ಅಲ್ಲಿರುವುದು ‘ಬಳಿ’ ಎಂಬ ಉಪ, ಬಳಿಯಲ್ಲಿ ವಾಸ. ವೈದಿಕ ಯಜ್ಞದ ಹಿಂದಿನ ದಿನ ಯಜಮಾನ ಅಗ್ನಿಯ ಬಳಿ ವ್ರತದಲ್ಲಿ ಕಳೆಯುತ್ತಿದ್ದ, ದೇವತೆಗಳೂ ಅವನ ಬಳಿ ಬಂದು ನೆಲೆಸುತ್ತಾರೆಂಬ ನಂಬಿಕೆಯಿತ್ತು. ಅತಿಥಿಗಳಿಗಿಂತ ಮೊದಲು ತಾನು ಉಣ್ಣಬಾರದೆಂಬ ಕಟ್ಟಳೆಯಿಂದ ಆ ‘ಬಳಿಯ ವಾಸ’ಕ್ಕೆ ಅನ್ನ ಬಿಡುವ ಅರ್ಥ ಅಂಟಿತು. ಪದದ ಒಳಗೆ ಹಸಿವಿನ ಸುಳಿವೇ ಇಲ್ಲ. ಬೌದ್ಧರ ‘ಉಪೋಸಥ’ವೂ ಇದೇ ಮೂಲದ್ದು.

ಇನ್ನು ಟೈಪ್ ಮಾಡುವಾಗಿನ ತೊಂದರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡು ಪದಗಳೂ ಒಂದೇ ಆಗಿಬಿಡುತ್ತವೆ. ಮೊಬೈಲಿನಲ್ಲಿ ಹಾಗೆ ಒತ್ತಿದರೆ ಯಂತ್ರ ತಾನೇ ಒಂದು ರೂಪವನ್ನು ಊಹಿಸುತ್ತದೆ; ಮೊದಲು ಬಂದ ಸಲಹೆಯನ್ನೇ ಒಪ್ಪದೆ ಪಕಾರದ ಮೇಲೆ ಕಣ್ಣಿಡಿ. ಯೂನಿಕೋಡ್‌ನಲ್ಲಿ ಉಪಹಾರಕ್ಕೆ 5 ಸಂಕೇತಗಳು, ಉಪಾಹಾರಕ್ಕೆ 6. ಆದ್ದರಿಂದ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಹಳೆಯ ಕಡತದಲ್ಲಿ ಹುಡುಕುವವರು ಎರಡನ್ನೂ ಕೊಟ್ಟು ನೋಡಬೇಕು. ನಿಘಂಟಿನಲ್ಲೂ ಹೀಗೆಯೇ: ಉಪಹಾರ ಇರುವುದು ‘ಉಪ’ ಸಾಲಿನ ಕೊನೆಗೆ, ಉಪಾಹಾರ ಇರುವುದು ಉಪಾಂಗ, ಉಪಾಧಿ, ಉಪಾಧ್ಯಾಯ, ಉಪಾಯ, ಉಪಾಸನೆ ಎಲ್ಲ ದಾಟಿದ ಮೇಲೆ. ಇಡೀ ಪುಸ್ತಕದಲ್ಲಿ ಒಂದೇ ಸಲಕ್ಕೆ ಉಪಹಾರವನ್ನು ಉಪಾಹಾರವಾಗಿ ಬದಲಿಸುವ ಆತುರ ಬೇಡ. ಪೂಜೆಯ ಸಂದರ್ಭದ ಸರಿಯಾದ ಉಪಹಾರಗಳೂ ಅದರಲ್ಲಿ ಹಾಳಾಗುತ್ತವೆ. ಒಂದೊಂದನ್ನೇ ನೋಡಿ, ಕೊಡುವುದೋ ತಿನ್ನುವುದೋ ಕೇಳಿಕೊಂಡು ತಿದ್ದಬೇಕು. ತಿದ್ದುವಾಗ ಆಗುವ ಮೂರನೆಯ ತಪ್ಪು ‘ಉಪಾಹರ’: ಹೊಸ ಇಳಿ ಸೇರಿಸುವ ಗಡಿಬಿಡಿಯಲ್ಲಿ ಹಳೆಯ ಇಳಿ ಹೋಗಿರುತ್ತದೆ.

ಫಲಕ ಬರೆಸುವವರು ಮಾತ್ರ ಮೊದಲೇ ಎಚ್ಚರವಾಗಿರಬೇಕು, ಏಕೆಂದರೆ ಆಮೇಲೆ ತಿದ್ದುವುದು ದುಬಾರಿ. ಬಣ್ಣದಲ್ಲಿ ಬರೆದ ಫಲಕವಾದರೆ ಪಕಾರದ ತಲೆಕಟ್ಟಿನ ತುದಿಯನ್ನು ಬಲಕ್ಕೆ ಎಳೆದು ಕೆಳಗೆ ಇಳಿಸಿದರೆ ‘ಪಾ’ ಆಗುತ್ತದೆ, ಮುಂದಿನ ‘ಹಾ’ಗೆ ತಾಗದಷ್ಟು ಜಾಗ ಇದ್ದರೆ. ಕತ್ತರಿಸಿ ಅಂಟಿಸಿದ ಅಕ್ಷರ, ದೀಪದ ಅಕ್ಷರಗಳಲ್ಲಿ ಅದು ಆಗುವುದಿಲ್ಲ. ‘ಪಾ’ ಹೆಚ್ಚು ಅಗಲ. ಆ ಒಂದು ಅಕ್ಷರವನ್ನು ಹೊಸದಾಗಿ ಮಾಡಿಸಿ, ಅಕ್ಕಪಕ್ಕದ ಅಕ್ಷರಗಳನ್ನು ಕಿತ್ತು ಸರಿಸಿ ಮತ್ತೆ ಕೂರಿಸಬೇಕು. ಆದ್ದರಿಂದ ಕತ್ತರಿಸುವ ಮುನ್ನ ಕರಡನ್ನು ಕಾಗದದ ಮೇಲೆ ತರಿಸಿಕೊಳ್ಳಿ. ‘ಪಾ’ದಲ್ಲಿ ಒಂದು ಇಳಿ, ‘ಹಾ’ದಲ್ಲಿ ಒಂದು ಇಳಿ ಇದೆಯೇ ಎಂದು ಬೆರಳಿಟ್ಟು ಎಣಿಸಿದ ಮೇಲೆಯೇ ಒಪ್ಪಿಗೆ ಕೊಡಿ.